ಬೇಡ ಎನ್ನುವ ಬಲ: ಹಿಂದೂಪುರ–ಕಲ್ಯಾಣದುರ್ಗ ಸೀಮೆಯಲ್ಲಿ ಅಭಿವೃದ್ಧಿಯ ಲೆಕ್ಕ

ಒಂದೇ ಅನಂತಪುರ ಜಿಲ್ಲೆಯಲ್ಲಿದ್ದ ಹಿಂದೂಪುರ ಮತ್ತು ಕಲ್ಯಾಣದುರ್ಗ 2022ರ ಏಪ್ರಿಲ್ 4ರಂದು ಬೇರೆ ಬೇರೆ ಜಿಲ್ಲೆಗಳ ಪಾಲಾದವು. ಹಿಂದೂಪುರ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಹಳೆಯ ಜಿಲ್ಲೆಯಲ್ಲೇ ಉಳಿಯಿತು. ಎರಡರ ನಡುವೆ ನಮ್ಮ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಆಂಧ್ರದೊಳಕ್ಕೆ ಚಾಚಿಕೊಂಡಿದೆ. ಗಡಿ ಯಾರದಾದರೂ ಮಳೆ ಒಂದೇ, ಕೆಂಪು ಮಣ್ಣು ಒಂದೇ, ಸಂತೆಯಲ್ಲಿ ಕನ್ನಡವೂ ತೆಲುಗೂ ಒಂದೇ ಉಸಿರಿನಲ್ಲಿ ಕೇಳಿಸುತ್ತವೆ. ಕಳೆದ ನಲವತ್ತು ವರ್ಷಗಳಲ್ಲಿ ಈ ಸೀಮೆಯ ಮೇಲೆ ನಡೆಯದ ಪ್ರಯೋಗವಿಲ್ಲ. ಎರಡು ರೂಪಾಯಿ ಅಕ್ಕಿ ಬಂತು, ಹೆಂಗಸರ ಡ್ವಾಕ್ರಾ ಉಳಿತಾಯ ಗುಂಪು ಬಂತು, ಉದ್ಯೋಗ ಖಾತರಿ ಬಂತು, ಕೃಷ್ಣೆಯ ಕಾಲುವೆ ಬಂತು, ಕೊರಿಯಾದ ಕಾರು ಕಾರ್ಖಾನೆ ಬಂತು, ಗುಡ್ಡದ ಮೇಲೆ ಗಾಳಿಯಂತ್ರ, ಬಯಲಿನಲ್ಲಿ ಸೌರ ಫಲಕ ಬಂದವು. ಇಷ್ಟೆಲ್ಲ ಬಂದ ಮೇಲೆ ಇಲ್ಲಿ ಕೂಲಿ ಮಾಡಿ ಬದುಕುವವರ, ಎರಡು ಮೂರು ಎಕರೆ ಹೊಲ ನಂಬಿದವರ ಸ್ವಾತಂತ್ರ್ಯ ಎಷ್ಟು ಹಿಗ್ಗಿತು?

ಅಭಿವೃದ್ಧಿಯನ್ನು ಸ್ವಾತಂತ್ರ್ಯದ ಅಳತೆಯಲ್ಲಿ ನೋಡಬೇಕೆಂದು ಅಮರ್ತ್ಯ ಸೇನ್ 1999ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಮೊದಲು ಸಂಪತ್ತು ಬೆಳೆಯಲಿ, ಹಂಚಿಕೆಗೆ ದುಡ್ಡು ಅದರಿಂದಲೇ ಹುಟ್ಟುತ್ತದೆ ಎಂಬುದು ಜಗದೀಶ್ ಭಗವತಿಯವರಂಥ ಅರ್ಥಶಾಸ್ತ್ರಜ್ಞರ ವಾದ. ಇವರಿಬ್ಬರಿಗಿಂತ ಎಷ್ಟೋ ಮೊದಲು, 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದರು: ಮತದಲ್ಲಿ ಸಮಾನರಾದವರು ಬಾಳಿನಲ್ಲಿ ಅಸಮಾನರಾಗಿಯೇ ಉಳಿದರೆ ಆ ಗಣರಾಜ್ಯವೇ ಅಪಾಯಕ್ಕೆ ಸಿಲುಕುತ್ತದೆ ಎಂದು. ಮೂವರ ವಾದಗಳನ್ನೂ ಈ ಕೆಂಪು ಮಣ್ಣಿನ ಮೇಲಿಟ್ಟು ನೋಡಿದಾಗ ನನಗೆ ಕೈಗೆ ಸಿಗುವ ಅಳತೆಗೋಲು ಒಂದೇ. ಬಡವನಿಗೆ, ಬಡವಳಿಗೆ, ಎದುರಿಗಿದ್ದವರ ಮುಂದೆ ‘ಬೇಡ’ ಎನ್ನುವ ಬಲ ಬಂದಿದೆಯೇ? ಕಡಿಮೆ ಕೂಲಿ ಬೇಡ, ಆ ಬಡ್ಡಿಯ ಸಾಲ ಬೇಡ, ಈ ಬೆಲೆಗೆ ಜಮೀನು ಕೊಡುವುದಿಲ್ಲ, ಈ ವರ್ಷ ಗುಳೆ ಹೋಗುವುದಿಲ್ಲ ಎಂದು ಹೇಳಿ ಮಾರನೆಯ ದಿನವೂ ಒಲೆ ಹಚ್ಚುವ ಶಕ್ತಿ ಇದೆಯೇ? ತಲಾ ಆದಾಯದ ಅಂಕಿ ಇದನ್ನು ಹೇಳುವುದಿಲ್ಲ.

ನೆಲದಿಂದಲೇ ಶುರು ಮಾಡಬೇಕು. ನೈಋತ್ಯ ಮುಂಗಾರನ್ನು ಪಶ್ಚಿಮ ಘಟ್ಟ ತಡೆಯುತ್ತದೆ, ಈಶಾನ್ಯ ಹಿಂಗಾರು ಪೂರ್ವ ಕರಾವಳಿಯಿಂದ ಇಲ್ಲಿಗೆ ಬರುವಷ್ಟರಲ್ಲಿ ಬಸವಳಿದಿರುತ್ತದೆ. ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಮಳೆ, ಅದೂ ಹೇಳಿದ ಹೊತ್ತಿಗೆ ಬೀಳುವುದಿಲ್ಲ. ಇಂಥ ನೆಲಕ್ಕೆ ಹಿಂದಿನವರು ನವಣೆ, ಸಾಮೆ, ಆರ್ಕ, ಸಜ್ಜೆ, ರಾಗಿ, ತೊಗರಿ, ಹುರುಳಿಗಳನ್ನು ಬೆರೆಸಿ ಬಿತ್ತುತ್ತಿದ್ದರು. ಒಂದು ಕೈಕೊಟ್ಟರೆ ಇನ್ನೊಂದು ಉಳಿಯುತ್ತಿತ್ತು. ಆ ಹೊಲಗಳನ್ನು ಕಡಲೆಕಾಯಿ ನುಂಗಿತು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಬೀಜಗಳ ತಂತ್ರಜ್ಞಾನ ಮಿಷನ್ ಆರಂಭಿಸಿದಾಗ ಬೆಲೆ ಚೆನ್ನಾಗಿತ್ತು, ರೈತರಿಗೆ ಮೊದಲ ಬಾರಿಗೆ ಕೈತುಂಬ ಕಾಸು ಕಂಡಿತು. ಒಂದು ಕಾಲಕ್ಕೆ ಜಿಲ್ಲೆಯಲ್ಲಿ ಏಳು ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲದಲ್ಲಿ ಕಡಲೆಕಾಯಿಯೊಂದೇ ಇತ್ತು.

ಆಮೇಲೆ ಖಾದ್ಯತೈಲದ ಆಮದಿಗೆ ಬಾಗಿಲು ತೆರೆಯಿತು. 1994ರಿಂದ ಈಚೆಗೆ ಅಗ್ಗದ ತಾಳೆ ಎಣ್ಣೆ ಹಡಗುಗಟ್ಟಲೆ ಬಂದಿಳಿದಾಗ ಕಲ್ಯಾಣದುರ್ಗದ ಕಡಲೆಕಾಯಿ ಬೆಲೆ ಮಲೇಷ್ಯಾದ ತೋಟಗಳ ಜತೆ ಪೈಪೋಟಿಗೆ ಬಿತ್ತು. ರೈತರು ಹಠಕ್ಕೆ ಬಿದ್ದು ಅದನ್ನೇ ಬಿತ್ತಿದರು ಎಂದು ದೂರುವವರಿದ್ದಾರೆ. ಆದರೆ ನೋಡಿ, ರಿಯಾಯಿತಿ ಬೀಜ ಸಿಗುವುದು ಕಡಲೆಕಾಯಿಗೆ, ಬ್ಯಾಂಕು ಬೆಳೆಸಾಲದ ಲೆಕ್ಕ ಹಾಕುವುದು ಕಡಲೆಕಾಯಿಗೆ, ವಿಮೆ ಬರುವುದು ಕಡಲೆಕಾಯಿಗೆ. ನವಣೆ ಬಿತ್ತಿದವನಿಗೆ ಇದರಲ್ಲಿ ಯಾವುದೂ ಸುಲಭವಾಗಿ ಸಿಗುತ್ತಿರಲಿಲ್ಲ. ಹೊಲ ಅವನದೇ, ಆಯ್ಕೆ ಮಾತ್ರ ಬೇರೆಯವರದು. ಮಳೆ ಕೈಕೊಟ್ಟ ವರ್ಷ ಬೋರು ಕೊರೆಸಬೇಕು. ಕಗ್ಗಲ್ಲಿನ ಈ ನೆಲದಲ್ಲಿ ನೂರಾರು ಅಡಿ ಕೊರೆದರೂ ಧೂಳೇ ಬಂದ ಬೋರುಗಳು ಎಷ್ಟೋ ಮನೆಗಳನ್ನು ಮುಳುಗಿಸಿದವು. 1990ರ ದಶಕದ ಕೊನೆಯಿಂದ ಅನಂತಪುರದ ಹೆಸರು ರೈತರ ಆತ್ಮಹತ್ಯೆಯ ಜತೆ ಸೇರಿಕೊಂಡಿದ್ದು ಹೀಗೆ.

2004ರಲ್ಲಿ ಆಂಧ್ರ ಸರ್ಕಾರ ಜಯತಿ ಘೋಷ್ ನೇತೃತ್ವದಲ್ಲಿ ರೈತರ ಕ್ಷೇಮದ ಆಯೋಗ ನೇಮಿಸಿತು. ಗೇಣಿದಾರರನ್ನು ಗುರುತಿಸಿ ಬ್ಯಾಂಕ್ ಸಾಲ ಕೊಡಿ ಎಂಬುದು ಅದರ ಮುಖ್ಯ ಸಲಹೆಗಳಲ್ಲೊಂದು. 2011ರಲ್ಲಿ ಪರವಾನಗಿ ಪಡೆದ ಸಾಗುವಳಿದಾರರ ಕಾನೂನು ಬಂತು. 2019ರಲ್ಲಿ ಅದರ ಜಾಗಕ್ಕೆ ಹೊಸ ಕಾನೂನು ಬಂದು, ಗೇಣಿದಾರನ ಕಾರ್ಡಿಗೆ ಭೂಮಾಲೀಕನ ಒಪ್ಪಿಗೆಯ ಸಹಿ ಬೇಕೆಂದಿತು. ನನ್ನ ದೃಷ್ಟಿಯಲ್ಲಿ ಇದು ಹಿಂದಕ್ಕಿಟ್ಟ ಹೆಜ್ಜೆ. ಭೂಮಾಲೀಕ ಸಹಿ ಹಾಕುವುದಿಲ್ಲ, ಹಾಕಿದರೆ ಗೇಣಿದಾರ ಜಮೀನಿನ ಮೇಲೆ ಹಕ್ಕು ಕೇಳುತ್ತಾನೆಂಬ ಭಯ. ಬೆವರು ಸುರಿಸುವವನಿಗೆ ಸಾಲವಿಲ್ಲ, ಬೆಳೆ ಹೋದರೆ ಪರಿಹಾರವೂ ಇಲ್ಲ.

ಹಾಗಾದರೆ ಬಲ ಬಂದದ್ದು ಎಲ್ಲಿಂದ? ನನಗೆ ಎರಡು ಘಟನೆಗಳು ಮುಖ್ಯವಾಗಿ ಕಾಣುತ್ತವೆ. ಎರಡೂ ಈ ಸೀಮೆಗೆ ಹತ್ತಿರದವು.

1983ರಲ್ಲಿ ಮುಖ್ಯಮಂತ್ರಿಯಾದ ಎನ್.ಟಿ. ರಾಮರಾವ್ ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿ ಕೊಟ್ಟರು. 1985ರಿಂದ ಅವರು ಹಿಂದೂಪುರದ ಶಾಸಕರಾಗಿದ್ದರು, ಆ ಊರಿನವರಿಗೆ ಇಂದಿಗೂ ಅದು ಹೆಮ್ಮೆ. ಅಗ್ಗದ ಅಕ್ಕಿ ರಾಗಿ ಮುದ್ದೆಯನ್ನು, ನವಣೆ ಅನ್ನವನ್ನು ತಟ್ಟೆಯಿಂದ ಓಡಿಸಿತು, ಸಿರಿಧಾನ್ಯದ ಬೇಸಾಯಕ್ಕೆ ಮಾರುಕಟ್ಟೆಯೇ ಇಲ್ಲದಂತಾಯಿತು ಎಂಬ ಟೀಕೆ ನಿಜ. ಆದರೆ ಆ ಟೀಕೆ ಮಾಡುವ ಬಹಳಷ್ಟು ಜನ ಅಲ್ಲಿಗೇ ನಿಲ್ಲುತ್ತಾರೆ. ಹಸಿದ ತಿಂಗಳುಗಳಲ್ಲಿ ಧಣಿಯ ಮನೆಯಿಂದ ಸೇರು ಲೆಕ್ಕದಲ್ಲಿ ಕಾಳು ತಂದು, ಆ ಋಣಕ್ಕೆ ಮಗನನ್ನು ಜೀತಕ್ಕಿಟ್ಟ ಕುಟುಂಬಕ್ಕೆ ಪಡಿತರ ಅಂಗಡಿಯ ಅಕ್ಕಿ ಹೊಟ್ಟೆ ತುಂಬಿಸಿದ್ದಷ್ಟೇ ಅಲ್ಲ, ಧಣಿಯ ಹಗೇವಿನ ಮುಂದೆ ಕೈಯೊಡ್ಡುವುದನ್ನೂ ತಪ್ಪಿಸಿತು. ಜೀತ ವಿಮುಕ್ತಿ ಕಾನೂನು 1976ರದು. ಕಾಗದದ ಮೇಲಿದ್ದ ಆ ಕಾನೂನಿಗೆ ಜೀವ ಕೊಟ್ಟ ಸಂಗತಿಗಳಲ್ಲಿ ಪಡಿತರ ಚೀಟಿಯೂ ಒಂದು ಎಂದು ನಾನು ನಂಬುತ್ತೇನೆ. ರಾಗಿಯನ್ನೂ ನವಣೆಯನ್ನೂ ಅದೇ ಪಡಿತರದಲ್ಲಿ ಕೊಂಡು ಹಂಚಿದ್ದರೆ ರೈತನೂ ಉಳಿಯುತ್ತಿದ್ದ. ತಪ್ಪು ಅಗ್ಗದ ಧಾನ್ಯ ಕೊಟ್ಟಿದ್ದರಲ್ಲಿ ಇರಲಿಲ್ಲ, ಅಕ್ಕಿಯೊಂದನ್ನೇ ಧಾನ್ಯವೆಂದು ಬಗೆದಿದ್ದರಲ್ಲಿತ್ತು.

ಎರಡನೆಯದು 2006ರ ಫೆಬ್ರುವರಿ 2. ದೇಶದ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಗೆ ಪ್ರಧಾನಿ ಮನಮೋಹನ್ ಸಿಂಗ್ ಚಾಲನೆ ಕೊಟ್ಟದ್ದು ಇದೇ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಆಗ ಮನೆಗೆ ವರ್ಷಕ್ಕೆ ನೂರು ದಿನದ ಕೆಲಸ, ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ. ಕೂಲಿಯವರು ಸಿಗುತ್ತಿಲ್ಲ, ಸಿಕ್ಕರೂ ಕೇಳಿದಷ್ಟು ಕೊಡಬೇಕು ಎಂದು ಜಮೀನುದಾರರು ಗೊಣಗಿದರು. ಆ ಗೊಣಗಾಟವೇ ಯೋಜನೆ ಫಲಿಸಿತೆಂಬುದಕ್ಕೆ ಗುರುತು. ಕೆಲಸ ಕೇಳಿದವರಿಗೆ ಸರ್ಕಾರ ಕೊಡಲೇಬೇಕು ಎಂದಾದಾಗ ಕಡಲೆಕಾಯಿ ಕೀಳಲು ಕರೆದ ರೈತನ ಮುಂದೆ ಹೆಣ್ಣಾಳು ಮೊದಲ ಸಲ ಚೌಕಾಶಿಗೆ ನಿಂತಳು. ಆಂಧ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಾಮಾಜಿಕ ಲೆಕ್ಕಪರಿಶೋಧನೆಗೆ ಪ್ರತ್ಯೇಕ ಸಂಸ್ಥೆಯನ್ನೇ ಕಟ್ಟಿತು. ಯಾರಿಗೆ ಎಷ್ಟು ದಿನದ ಕೂಲಿ ಬರೆದಿದ್ದಾರೆ ಎಂಬುದನ್ನು ಊರ ಮುಂದೆ ಓದಿ ಹೇಳುವ ಪದ್ಧತಿ ಅದು. ಸತ್ತವರ ಹೆಸರಿನಲ್ಲಿ ಕೂಲಿ ಎತ್ತಿದ್ದು ಸಭೆಯಲ್ಲೇ ಬಯಲಾದಾಗ ಬಡವರಿಗೆ ಸಿಗುವ ಧೈರ್ಯ ಕೂಲಿಯ ಹಣಕ್ಕಿಂತ ದೊಡ್ಡದು. ನಂತರದ ವರ್ಷಗಳಲ್ಲಿ ಕೂಲಿ ತಿಂಗಳುಗಟ್ಟಲೆ ತಡವಾಗಿ, ಹಾಜರಿ ಮೊಬೈಲ್ ಆ್ಯಪಿಗೆ ಹೋಗಿ, ಆ ಬಲ ಸೋರಿತು. ಕೂಲಿ ಯಾವಾಗ ಬರುತ್ತದೋ ತಿಳಿಯದಿದ್ದರೆ ಮತ್ತೆ ಬೆಂಗಳೂರಿನ ಕಟ್ಟಡ ಕೆಲಸದ ಮೇಸ್ತ್ರಿಯ ಮುಂಗಡವೇ ಗತಿ.

ಈಗ ಭೂಮಿಯ ಮಾತು. ಇಲ್ಲಿ ಹೋಲಿಸಲು ನಾಲ್ಕು ಪ್ರಸಂಗಗಳಿವೆ, ಎಲ್ಲವೂ ಹತ್ತಿರ ಹತ್ತಿರದವೇ.

ಹಿಂದೂಪುರದ ಬಳಿ ಚಿಲಮತ್ತೂರು, ಗೋರಂಟ್ಲ ಮಂಡಲಗಳಲ್ಲಿ ಲೇಪಾಕ್ಷಿ ನಾಲೆಡ್ಜ್ ಹಬ್ ಎಂಬ ಹೆಸರಿನಲ್ಲಿ 2008ರಿಂದ ಈಚೆಗೆ ಸುಮಾರು 8,844 ಎಕರೆ ಖಾಸಗಿ ಕಂಪನಿಯೊಂದರ ಕೈಗೆ ಹೋಯಿತು. ಅದರಲ್ಲಿ ಭೂಹೀನರಿಗೆ ಸರ್ಕಾರವೇ ಕೊಟ್ಟಿದ್ದ ಡಿ-ಪಟ್ಟಾ ಜಮೀನೂ ಇತ್ತು. 1977ರ ಕಾನೂನಿನ ಪ್ರಕಾರ ಅಂಥ ಜಮೀನನ್ನು ಬಡವ ಮಾರುವಂತಿರಲಿಲ್ಲ. ಬಡವನನ್ನು ಕಾಪಾಡಲು ಹಾಕಿದ ಆ ಬೇಲಿ ಸರ್ಕಾರ ಹಿಂದಕ್ಕೆ ಪಡೆಯುವಾಗ ಅವನಿಗೇ ಮುಳ್ಳಾಯಿತು, ಪೂರ್ಣ ಮಾಲೀಕನಂತೆ ಬೆಲೆ ಕೇಳಲು ಅವನಿಗೆ ದನಿಯಿರಲಿಲ್ಲ. ಜ್ಞಾನನಗರ ಏಳಲಿಲ್ಲ. ಭೂಮಿ ಬ್ಯಾಂಕುಗಳಲ್ಲಿ ಅಡವಾಯಿತು, ಸಿಬಿಐ ಪ್ರಕರಣವಾಯಿತು. ಲೇಪಾಕ್ಷಿಯ ವೀರಭದ್ರನ ಗುಡಿ ನೋಡಲು ನಮ್ಮೂರುಗಳಿಂದ ಬಸ್ಸು ತುಂಬಿ ಹೋಗುವ ಪ್ರವಾಸಿಗರಿಗೆ ಪಕ್ಕದ ಈ ಕಥೆ ಗೊತ್ತಿರುವುದು ಕಡಿಮೆ.

ಎರಡನೆಯದು ಪೆನುಕೊಂಡದ ಬಳಿ ಎರ್ರಮಂಚಿಯಲ್ಲಿ 2019ರಲ್ಲಿ ಉತ್ಪಾದನೆ ಶುರುವಾದ ಕಿಯಾ ಕಾರ್ಖಾನೆ. ವರ್ಷಕ್ಕೆ ಮೂರು ಲಕ್ಷ ಕಾರುಗಳ ಸಾಮರ್ಥ್ಯ, ಐನೂರಕ್ಕೂ ಹೆಚ್ಚು ಎಕರೆ. ಇದು ನಿಜವಾಗಿ ಎದ್ದು ನಿಂತ ಕಾರ್ಖಾನೆ, ಭಗವತಿಯವರ ವಾದಕ್ಕೆ ಈ ಸೀಮೆ ಒದಗಿಸುವ ಒಳ್ಳೆಯ ಸಾಕ್ಷಿ. ಸುತ್ತ ಬಿಡಿಭಾಗದ ಘಟಕಗಳು ಬಂದವು, ಹೆದ್ದಾರಿಯ ಊರುಗಳ ಬಾಡಿಗೆ ಏರಿತು, ಡಿಪ್ಲೊಮಾ ಓದಿದ ಹುಡುಗರಿಗೆ ಮನೆಯಿಂದಲೇ ಹೋಗಿಬರುವ ಕೆಲಸ ಸಿಕ್ಕಿತು. ಅದೇ 2019ರಲ್ಲಿ ರಾಜ್ಯ ಸರ್ಕಾರ ಕಾರ್ಖಾನೆಗಳ ಶೇ 75ರಷ್ಟು ಕೆಲಸ ಸ್ಥಳೀಯರಿಗೆ ಎಂದು ಕಾನೂನು ತಂದಿತು. ಆದರೆ ಕಾನೂನು ಕೆಲಸದ ಬಾಗಿಲು ತೆರೆಯಬಹುದು, ಒಳಗೆ ಹೋಗಲು ಬೇಕಾದ ಗಣಿತ, ವಿಜ್ಞಾನ, ಇಂಗ್ಲಿಷನ್ನು ಹಳ್ಳಿಯ ಶಾಲೆಯೇ ಕೊಡಬೇಕು. ಹೊಲ ಕೊಟ್ಟ ಮನೆಯ ನಡುವಯಸ್ಸಿನವರಿಗಂತೂ ಕಾವಲು, ಕಸ, ಕ್ಯಾಂಟೀನಿನ ಗುತ್ತಿಗೆ ಕೆಲಸಕ್ಕಿಂತ ಮೇಲಿನದು ದಕ್ಕುವುದು ಕಷ್ಟ.

ಮೂರನೆಯದು ಪಾವಗಡದ ತಿರುಮಣಿ ಸುತ್ತಲಿನ ಸೌರ ಪಾರ್ಕು: 13,000 ಎಕರೆ, 2,050 ಮೆಗಾವಾಟ್. ಕರ್ನಾಟಕ ಇಲ್ಲಿ ಭೂಮಿಯನ್ನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆಯಿತು, ಎರಡು ವರ್ಷಕ್ಕೊಮ್ಮೆ ಶೇ 5 ಹೆಚ್ಚಳ. ಲೇಪಾಕ್ಷಿಗೆ ಹೋಲಿಸಿದರೆ ಇದು ಎಷ್ಟೋ ಮೇಲು. ಬರಗಾಲದಲ್ಲೂ ಮಾಲೀಕನಿಗೆ ಹಣ ಬರುತ್ತದೆ, ಪಟ್ಟಾ ಅವನ ಹೆಸರಿನಲ್ಲೇ ಉಳಿಯುತ್ತದೆ. ಆದರೆ ಆ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕುತ್ತಿದ್ದ ಭೂಹೀನರು, ಅವರಲ್ಲಿ ಬಹುಪಾಲು ದಲಿತರು, ಯಾವ ಪತ್ರಕ್ಕೂ ಸಹಿ ಹಾಕಲಿಲ್ಲ. ಅವರಿಗೆ ಗುತ್ತಿಗೆಯ ಹಣವೂ ಇಲ್ಲ, ಹಳೆಯ ಕೂಲಿಯೂ ಇಲ್ಲ. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂತು.

ನಾಲ್ಕನೆಯದು ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದದ್ದು. 1990ರಲ್ಲಿ ಚೆನ್ನೇಕೊತ್ತಪಲ್ಲಿಯ ಬಳಿ ಹುಟ್ಟಿದ ಟಿಂಬಕ್ಟು ಕಲೆಕ್ಟಿವ್ ಜತೆ ಸೇರಿ ಸುತ್ತಲಿನ ಹಳ್ಳಿಗರು 1992ರಿಂದ ಬೋಳು ಗುಡ್ಡಗಳನ್ನು ಕಾಯತೊಡಗಿದರು. ಬೆಂಕಿ ತಡೆದರು, ಬೀಜ ಚೆಲ್ಲಿದರು, ಸರದಿಯಲ್ಲಿ ಕಾವಲು ಕುಳಿತರು. ಸಾವಿರಾರು ಎಕರೆಯಲ್ಲಿ ಹುಲ್ಲು ಎದ್ದಿತು, ಈಚಲು ಬೆಳೆಯಿತು, ಹಳ್ಳಗಳು ಹೆಚ್ಚು ದಿನ ಹರಿದವು. ಕಲ್ಪವಲ್ಲಿ ಎಂದು ಅದನ್ನು ಕರೆದರು. ಕಂದಾಯ ದಫ್ತರದಲ್ಲಿ ಮಾತ್ರ ಅದು ಬರಡು ಭೂಮಿಯಾಗಿಯೇ ಉಳಿದಿತ್ತು. ಹಾಗಾಗಿ ಗಾಳಿಯಂತ್ರದ ಕಂಪನಿಗೆ ಗುಡ್ಡದ ನೆತ್ತಿ ಕೊಡುವಾಗ ಯಾರನ್ನೂ ಕೇಳುವ ಅಗತ್ಯ ಸರ್ಕಾರಕ್ಕೆ ಕಾಣಲಿಲ್ಲ. ಯಂತ್ರದ ರೆಕ್ಕೆಗಳನ್ನು ಸಾಗಿಸಲು ಅಗಲದ ರಸ್ತೆ ಕಡಿದರು, ಇಳಿಜಾರಿನ ಮಣ್ಣು ಹಳ್ಳಕ್ಕೆ ಬಿತ್ತು. ಗಾಳಿ, ಸೌರ ವಿದ್ಯುತ್ತಿನ ಯೋಜನೆಗಳಿಗೆ ಪರಿಸರ ಪರಿಣಾಮದ ಪರಿಶೀಲನೆಯಿಂದ ವಿನಾಯಿತಿ ಇರುವುದರಿಂದ ಜನರ ಅಹವಾಲು ಕೇಳುವ ಸಭೆಯೂ ನಡೆಯಬೇಕಿರಲಿಲ್ಲ. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಭೂಮಿ ಬಿಸಿಯಾಗುವುದನ್ನು ತಡೆಯಲು ಗಾಳಿ ವಿದ್ಯುತ್ ಬೇಕೇ ಬೇಕು. ಆದರೆ ಇಪ್ಪತ್ತು ವರ್ಷ ಕಾಡು ಬೆಳೆಸಿದವರಿಗೆ ಆ ಗುಡ್ಡದ ಬಗ್ಗೆ ಹೂಂ ಅಥವಾ ಊಹೂಂ ಎನ್ನುವ ಹಕ್ಕಿಲ್ಲದಿದ್ದರೆ ಅದು ನ್ಯಾಯವಲ್ಲ.

ಅದೇ ಟಿಂಬಕ್ಟು ಸೀಮೆಯಲ್ಲಿ ಹೆಂಗಸರು ನಡೆಸುವ ಉಳಿತಾಯ ಸಹಕಾರ ಸಂಘಗಳಿವೆ, ಸಾವಯವ ಸಿರಿಧಾನ್ಯ, ಕಡಲೆಕಾಯಿ ಕೊಳ್ಳುವ, ರೈತರೇ ಮಾಲೀಕರಾದ ‘ಧರಣಿ’ ಎಂಬ ಸಹಕಾರಿಯೂ ಇದೆ. 1995ರಲ್ಲಿ ಆಂಧ್ರ ತಂದ ಪರಸ್ಪರ ಸಹಾಯ ಸಹಕಾರ ಸಂಘಗಳ ಕಾನೂನು ಅಧಿಕಾರಿಗಳ ಹಿಡಿತವಿಲ್ಲದ ಇಂಥ ಸಂಘಗಳಿಗೆ ದಾರಿ ಮಾಡಿತ್ತು. ಅದೇ ರಾಜ್ಯದಲ್ಲಿ ಖಾಸಗಿ ಕಿರುಸಾಲ ಕಂಪನಿಗಳು ವಾರಕ್ಕೊಮ್ಮೆ ಬಾಗಿಲು ಬಡಿದು, 2010ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ ತರಬೇಕಾದ ಸ್ಥಿತಿ ಬಂತು. ಎರಡೂ ಕಡೆ ಸಾಲ ಪಡೆದದ್ದು ಬಡ ಹೆಂಗಸರೇ. ಒಂದು ಕಡೆ ಬಡ್ಡಿಯನ್ನು ಅವರೇ ಕೂತು ನಿರ್ಧರಿಸಿದರು, ಇನ್ನೊಂದು ಕಡೆ ಎಲ್ಲೋ ಕೂತವರು ನಿರ್ಧರಿಸಿದರು.

ನೀರಿನ ಕಥೆ ಹಳೆಯದು. ಹಿಂದೂಪುರಕ್ಕೆ ನಂದಿ ಬೆಟ್ಟದ ಕಡೆಯಿಂದ ಗೌರಿಬಿದನೂರು ದಾಟಿ ಬರುವ ಪೆನ್ನೆ, ಕಲ್ಯಾಣದುರ್ಗದ ಕಡೆಗೆ ಹಿರಿಯೂರು ದಾಟಿ ಬರುವ ವೇದಾವತಿ, ಎರಡೂ ಕರ್ನಾಟಕದಲ್ಲಿ ಹುಟ್ಟಿದವು. 1892ರ ಮದ್ರಾಸ್–ಮೈಸೂರು ಒಪ್ಪಂದ ಎರಡನ್ನೂ ಹೆಸರಿಸುತ್ತದೆ. ಮೇಲೆ ವಾಣಿವಿಲಾಸ ಸಾಗರವಿದೆ, ಕೆಳಗೆ ಗುಮ್ಮಗಟ್ಟದ ಬಳಿ ಭೈರವಾನಿತಿಪ್ಪ ಜಲಾಶಯ. 89 ವರ್ಷಗಳ ಮೇಲೆ 2022ರಲ್ಲಿ ವಾಣಿವಿಲಾಸ ಕೋಡಿ ಬಿದ್ದಾಗ ಕೆಳಗಿನವರಿಗೂ ಹಬ್ಬ. ಉಳಿದ ವರ್ಷಗಳಲ್ಲಿ ನಂಬಿಕೆಯೆಲ್ಲ ಹಂದ್ರಿ-ನೀವಾ ಮೇಲೆ. ಶ್ರೀಶೈಲದ ಹಿನ್ನೀರಿನಿಂದ 40 ಟಿಎಂಸಿ ಕೃಷ್ಣೆಯನ್ನು ಹಂತಹಂತವಾಗಿ ಮೇಲೆತ್ತಿ ಆರು ಲಕ್ಷ ಎಕರೆಗೆ ಉಣಿಸುವ ಯೋಜನೆ ಅದು. ಕಾಲುವೆಗಳು ಬಂದವು, ಕೆರೆಗಳಿಗೆ ನೀರು ಬಿದ್ದಾಗ ಬೋರುಗಳು ಉಸಿರಾಡಿದವು. ಆದರೆ ಹೊಲಕ್ಕೆ ಮುಟ್ಟುವ ಕಿರುಗಾಲುವೆಗಳು ಹಿಂದುಳಿದದ್ದರಿಂದ ನೀರು ಮೊದಲು ದಕ್ಕಿದ್ದು ಮೋಟಾರು ಇಟ್ಟವರಿಗೆ. ಕಿಯಾಕ್ಕೆ ಗೊಲ್ಲಪಲ್ಲಿ ಜಲಾಶಯದಿಂದ ಖಚಿತ ನೀರಿದೆ, ಕಲ್ಯಾಣದುರ್ಗದ ರೈತನಿಗೆ ಅಂಥ ಖಚಿತ ಮಾತನ್ನು ಯಾರೂ ಕೊಟ್ಟಿಲ್ಲ.

ಗಡಿಯ ಈಚೆ ಕೂತು ಓದುವ ನಮಗೆ ಇನ್ನೊಂದು ಸಂಗತಿ ತಟ್ಟಬೇಕು. ಚಳ್ಳಕೆರೆಯ ಬೇಡ ನಾಯಕರಿಗೂ ಕಲ್ಯಾಣದುರ್ಗದ ಬೋಯರಿಗೂ ಹೆಣ್ಣು ಕೊಟ್ಟು ತರುವ ನಂಟಿದೆ. ಕರ್ನಾಟಕದಲ್ಲಿ ಬೇಡ, ವಾಲ್ಮೀಕಿ ಹೆಸರುಗಳು 1991ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿವೆ. ಗಡಿ ದಾಟಿದರೆ ರಾಯಲಸೀಮೆಯ ಬೋಯರು ಹಿಂದುಳಿದ ವರ್ಗ. ಪಟ್ಟಿಗೆ ಸೇರಿಸಿ ಎಂದು ಆಂಧ್ರ ವಿಧಾನಸಭೆ 2017ರಲ್ಲೂ 2023ರಲ್ಲೂ ನಿರ್ಣಯ ಮಾಡಿತು. ಲಂಬಾಣಿಗಳದ್ದು ಮತ್ತೊಂದು ಬಗೆ: ಅಲ್ಲಿ ಸುಗಾಲಿ ಎಂದು ಪರಿಶಿಷ್ಟ ಪಂಗಡ, ಇಲ್ಲಿ ಪರಿಶಿಷ್ಟ ಜಾತಿ. ಮದುವೆಯಾಗಿ ಪಾವಗಡದಿಂದ ಕಲ್ಯಾಣದುರ್ಗಕ್ಕೆ ಹೋದ ಹೆಣ್ಣುಮಗಳು ತಾನು ಹುಟ್ಟಿನಿಂದ ಪಡೆದಿದ್ದ ಹಕ್ಕನ್ನು ಗಂಡನ ರಾಜ್ಯದಲ್ಲಿ ಕೇಳಲಾರಳು. ಸಾಮಾಜಿಕ ನ್ಯಾಯ ರಾಜ್ಯದ ಗಡಿಗೆ ಬಂದು ನಿಲ್ಲುತ್ತದೆ, ಅವಮಾನ ನಿಲ್ಲುವುದಿಲ್ಲ.

ಭಾಷೆಯಲ್ಲೂ ಹೀಗೆಯೇ. ಮಡಕಶಿರಾ, ರೊಳ್ಳ, ಗುಡಿಬಂಡೆ, ಅಗಳಿ, ಅಮರಾಪುರದ ಮನೆಗಳಲ್ಲಿ ಕನ್ನಡವಿದೆ. ನೊಳಂಬ ಅರಸರ ಹೆಂಜೇರು, ಇಂದಿನ ಹೇಮಾವತಿ, ಇರುವುದು ಅಮರಾಪುರ ಮಂಡಲದಲ್ಲೇ. ಕನ್ನಡ ಶಾಲೆಗಳು ಅಲ್ಲಿವೆ. 2019ರ ನವೆಂಬರ್‌ನಲ್ಲಿ ಆಂಧ್ರ ಸರ್ಕಾರ ಸರ್ಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ಆದೇಶ ಹೊರಡಿಸಿತು, 2020ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ದಲಿತ ತಾಯ್ತಂದೆಯರು ಇಂಗ್ಲಿಷ್ ಬೇಕು ಎಂದದ್ದು ನ್ಯಾಯವಾದ ಮಾತು, ಶ್ರೀಮಂತರ ಮಕ್ಕಳಿಗೆ ಇರುವುದು ತಮ್ಮ ಮಕ್ಕಳಿಗೂ ಇರಲಿ ಎಂಬ ಹಕ್ಕೊತ್ತಾಯ ಅದು. ಆದರೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷ್ ಇರುವ ರೊಳ್ಳದ ಮಗುವಿಗೆ ಮೂರನ್ನೂ ಬಲ್ಲ ಮೇಷ್ಟ್ರು ಸಿಗದಿದ್ದರೆ ಯಾವ ಆದೇಶವೂ ಆ ಮಗುವನ್ನು ಕಿಯಾದ ಬಾಗಿಲಿಗೆ ತಲುಪಿಸುವುದಿಲ್ಲ. ಕರ್ನಾಟಕ ತನ್ನ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆ ಮಡಕಶಿರಾ, ರಾಯದುರ್ಗದಂಥ ತಾಲ್ಲೂಕುಗಳ ಹೆಸರು ಹಿಡಿದು ಅವಕಾಶ ಕೊಟ್ಟಿದೆ. ಅದು ಒಳ್ಳೆಯದು, ಆದರೆ ಅಲ್ಲಿಯವರೆಗೆ ಓದಿ ಬಂದವರಿಗೆ ಮಾತ್ರ.

ಕೊನೆಯದಾಗಿ ಆಸ್ಪತ್ರೆಯ ಮಾತು. ಮಹಾರಾಷ್ಟ್ರದಿಂದ ಹೊರಹೋಗಬೇಕಾಗಿ ಬಂದ ಸ್ಪೇನ್ ದೇಶದ ವಿಸೆಂಟ್ ಫೆರರ್ 1969ರಲ್ಲಿ ಅನಂತಪುರದಲ್ಲಿ ಗ್ರಾಮೀಣ ಅಭಿವೃದ್ಧಿ ಟ್ರಸ್ಟ್ ಕಟ್ಟಿದರು. ಜನ ಅದನ್ನು ಆರ್‌ಡಿಟಿ ಎನ್ನುತ್ತಾರೆ. ಅದು ಕಟ್ಟಿಕೊಟ್ಟ ಮನೆಗಳ ಪತ್ರಗಳು ಹೆಂಗಸರ ಹೆಸರಿನಲ್ಲಿವೆ. ಕುಡಿದು ಬಂದ ಗಂಡ ಹೊರಗೆ ಹೋಗು ಎಂದಾಗ ಹೋಗಬೇಕಾದವರು ಯಾರು ಎಂಬ ಪ್ರಶ್ನೆಗೆ ಆ ಪತ್ರ ಉತ್ತರ ಕೊಡುತ್ತದೆ. ಕಲ್ಯಾಣದುರ್ಗದ ಆರ್‌ಡಿಟಿ ಆಸ್ಪತ್ರೆಗೆ ಗಡಿಯ ಹಳ್ಳಿಗಳಿಂದ ಹೆರಿಗೆಗೆ ಬರುವವರಿದ್ದಾರೆ. 2025ರಲ್ಲಿ ಆ ಸಂಸ್ಥೆಯ ವಿದೇಶಿ ದೇಣಿಗೆಯ ಪರವಾನಗಿ ನವೀಕರಣವಾಗದೆ ನಿಂತಾಗ ಅನಂತಪುರದಲ್ಲಿ ಜನ ಬೀದಿಗಿಳಿದರು. ಅವರ ಕೃತಜ್ಞತೆ ದೊಡ್ಡದು, ಅವರ ಭಯ ಅದಕ್ಕಿಂತ ದೊಡ್ಡದು. ದೂರದ ದಾನಿಗಳ ಹಣ ಮತ್ತು ದೆಹಲಿಯ ಒಂದು ಸಹಿ ನಿಂತರೆ ಹೆರಿಗೆಯ ಮಂಚವೂ ನಿಲ್ಲಬಹುದಾದ ಕಡೆ ಐವತ್ತು ವರ್ಷಗಳ ಸೇವೆಯೂ ಹಕ್ಕಾಗಿ ಬೆಳೆದಿಲ್ಲ. ಆರ್‌ಡಿಟಿಗೆ ಪರವಾನಗಿ ಇರಲೇಬೇಕು. ಅದರ ಜತೆಗೆ ಕಲ್ಯಾಣದುರ್ಗದ ಸರ್ಕಾರಿ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೂ ಹೆರಿಗೆ ಮಾಡಿಸಬಲ್ಲ ವೈದ್ಯರು, ಅರಿವಳಿಕೆ ತಜ್ಞರು, ರಕ್ತನಿಧಿ ಇರಬೇಕು ಎಂದು ಕಲ್ಯಾಣದುರ್ಗದವರೂ, ಅದೇ ರಸ್ತೆಯಲ್ಲಿ ಬರುವ ಪಾವಗಡ, ಮೊಳಕಾಲ್ಮೂರಿನವರೂ ಒಟ್ಟಾಗಿ ಎರಡೂ ಸರ್ಕಾರಗಳನ್ನು ಕೇಳಬೇಕಾಗಿದೆ.